ದಾರಿಗಳಿಗೆ ಹೆಸರಿಟ್ಟ ವರ್ಷ

ತೊಂಬತ್ಮೂರರ ಮಾರ್ಚಿನಲ್ಲಿ ಮ್ಯಾಬ್ರಿ ಕೌಂಟಿ ನನ್ನ ಕೈಗೆ
ಒಂದು ನೀಲಿ ಪಿಕಪ್ಪು, ದೂರ ಅಳೆಯುವ ಗಾಲಿ,
ಮುನ್ನೂರು ಹಾಳೆಯ ಪುಸ್ತಕ ಕೊಟ್ಟಿತು.
ಕೆಲಸ ಇಷ್ಟೆ: ಹೆಸರಿಲ್ಲದ ದಾರಿಗಳಿಗೆ ಹೆಸರು ಕೇಳಿ ಬರುವುದು.
ಹಲಗೆಯಲ್ಲಿ ಹದಿನಾಲ್ಕು ಅಕ್ಷರ ಹಿಡಿಸುತ್ತದೆ,
ಒಂದೇ ಹೆಸರು ಎರಡು ಕಡೆ ಕೂಡದು,
ಬೈಗುಳ ಕೂಡದು ಎಂದರು. ಕೊನೆಯದನ್ನು ಯಾಕೆ ಹೇಳಿದರೆಂದು
ಎರಡನೆಯ ದಿನವೇ ತಿಳಿಯಿತು.

ಅಲ್ಲಿಯವರೆಗೆ ದಾರಿಗಳು ಬಾಯಲ್ಲೇ ಇದ್ದವು.
ಸುಟ್ಟ ಹತ್ತಿಗಿರಣಿ ದಾಟಿ ಎಡಕ್ಕೆ.
ಡಾಂಬರು ಮುಗಿದು ಕೆಂಪು ಜೇಡಿ ಸಿಕ್ಕಲ್ಲಿ ನಿಧಾನ.
ಕುಡ್ಜು ಬಳ್ಳಿ ನುಂಗಿದ ಶಾಲೆಬಸ್ಸು ಕಂಡರೆ
ಮುಂದೆ ಹೋಗಿಬಿಟ್ಟಿರಿ, ತಿರುಗಿ ಬನ್ನಿ.
ಮಳೆ ಹಿಡಿದರೆ ಸೇತುವೆ ಹಳ್ಳದ್ದು, ನಮ್ಮದಲ್ಲ.
ಹೊಸಬನಿಗೆ ಇದು ಒಗಟು,
ನಮಗೋ ಕಿಸೆಯೊಳಗಿನ ಚಾಕು.

ಹೋದಲ್ಲೆಲ್ಲ ಐಸು ಹಾಕಿದ ಸಿಹಿ ಚಹಾ.
ಚರ್ಚ್ ರಸ್ತೆ ಎನ್ನುವವು ಏಳು; ಆರಕ್ಕೆ ಬೇರೆ ಹುಡುಕಬೇಕು,
ದೇವರ ವಿಷಯದಲ್ಲಿ ಯಾರು ಬಿಟ್ಟುಕೊಡುತ್ತಾರೆ?
ಕೋಳಿ ಶೆಡ್ಡುಗಳ ಥರ್ಮನ್ ಕ್ರಮ್ಟನ್
ಸತ್ತ ನಾಯಿಯ ಹೆಸರಿಡು ಎಂದ.
ಜಾಲರಿ ಬಾಗಿಲ ಹಿಂದಿನಿಂದ ಹೆಂಡತಿ,
"ನನ್ನ ಹೆಸರು ಅವನಿಗೆ ಹೊಳೆಯಲೇ ಇಲ್ಲ, ಅದನ್ನೂ ಬರೆದುಕೋ."
ಬರೆದುಕೊಂಡೆ. ನಾಯಿ ಗೆದ್ದಿತು.

ಗ್ಯಾಂಟರ ಹೊಲದ ಉದ್ದಕ್ಕೂ ಹೋಗುವ ದಾರಿ ಮಾತ್ರ ಬಗ್ಗಲಿಲ್ಲ.
ಉತ್ತರದ ತುದಿಯಲ್ಲಿ ಅದು ಗ್ಯಾಂಟ್ ಎಸ್ಟೇಟ್ ರಸ್ತೆ,
ನಕ್ಷೆ ಹುಟ್ಟುವ ಮೊದಲಿನಿಂದ ಎಂದರು, ಗೋಡೆಯ ಭಾವಚಿತ್ರ ತೋರಿಸಿ.
ದಕ್ಷಿಣದ ತುದಿಯಲ್ಲಿ ಅದೇ ಮಣ್ಣು, ಬಕೆಟ್ ದಾರಿ:
ಗ್ಯಾಂಟರ ಹತ್ತಿ ಬಿಡಿಸುವವರಿಗೆ ಮುತ್ತಜ್ಜಿಯರು
ಎರಡೂ ಕೈಯಲ್ಲಿ ನೀರು ತಂದದ್ದು.
ಅಲ್ಲಿ ಗೋಡೆಯಲ್ಲಿ ಏನೂ ಇರಲಿಲ್ಲ;
ಜಗಲಿಯ ಮುದುಕಿ ತನ್ನ ಅಂಗೈ ತೋರಿಸಿದಳು.
ನಾನು ಉತ್ತರದ ತುದಿಯ ಬಣ್ಣದವಳು.
ನಟ್ಟನಡುವೆ ಗಾಡಿ ನಿಲ್ಲಿಸಿ, ಮಧ್ಯಾಹ್ನವೆಲ್ಲ ಪೆನ್ನು ಕಚ್ಚಿ,
ಕೊನೆಗೆ ಒಂದು ಸಂಖ್ಯೆ ಬರೆದೆ: ಕೌಂಟಿ ರಸ್ತೆ ನಲವತ್ತೊಂದು.
ಎರಡೂ ತುದಿಯವರು ಮಾತು ಬಿಟ್ಟರು.
ದಕ್ಷಿಣದವರದು ನ್ಯಾಯ.

ಓಝೆಲ್ಲಾ ಟಾರ್ವರಳ ಮನೆಗೆ ಹೋದದ್ದು ಕೊನೆಗೆ.
ಹಿಂದಿನ ನವೆಂಬರಿನ ರಾತ್ರಿ ಅಡುಗೆಮನೆಯ ನೆಲದ ಮೇಲೆ ಲೂಷಿಯಸ್,
ಗಿರಣಿಯ ಬಳಿ ಬಲಕ್ಕೆ ಹೊರಳಿದ ಆಂಬುಲೆನ್ಸು.
ಫೋನಿನ ಸುರುಳಿ ದಾರವನ್ನು ಕಿಟಕಿಯವರೆಗೆ ಎಳೆದು,
ದೂರದ ಪೈನುಗಳ ಮೇಲೆ ಕೆಂಪು ಬೆಳಕು ತಿರುಗುವುದನ್ನು ನೋಡುತ್ತ
"ಇಲ್ಲೇ, ಇಲ್ಲೇ" ಎನ್ನುತ್ತಿದ್ದಳಂತೆ,
ನಲವತ್ತು ನಿಮಿಷ.

ಅವನ ಹೆಸರೇ ಇಡೋಣವೇ ಎಂದೆ.
ಹದಿನಾಲ್ಕರೊಳಗೆ ಬರುತ್ತದೆ ಎಂದೂ ಹೇಳಿಬಿಟ್ಟೆ.
"ಬೇಡ. ಜಿಂಕೆ ಬೇಟೆ ಶುರುವಾದರೆ
ಹುಡುಗರು ಹಲಗೆಗಳಿಗೆ ಗುಂಡು ಹೊಡೆಯುತ್ತಾರೆ.
ಅವನಿಗೆ ಅದೂ ಬೇಡ.
ಕತ್ತಲಲ್ಲಿ ಓಡಿಸುವವನಿಗೆ ಕಾಣುವಂಥದ್ದು ಬರಿ."
ಗದ್ದ ಎತ್ತಿ ತೋರಿಸಿದಳು: ತಿರುವಿನಲ್ಲಿ ಕಾಡು ಪ್ಲಮ್ಮಿನ ಪೊದೆ,
ಎಲೆಗಿಂತ ಮೊದಲೇ ಹೂ, ಹಿಟ್ಟು ಚೆಲ್ಲಿದ ಹಾಗೆ.
ಪ್ಲಮ್ ದಾರಿ. ಬರೆದೆ.
ವರ್ಷದಲ್ಲಿ ಹತ್ತು ದಿನವಾದರೂ ನಿಜ.

ಈಗ ಆ ಕಡೆ ಬರೀ ಕಾಗದದ ಕಂಪನಿಯ ಪೈನು,
ಸಾಲು ಹಿಡಿದು ನಿಂತ, ಪರಸ್ಪರ ಗುರುತಿಲ್ಲದ ಮರಗಳು.
ಮನೆ ಇಲ್ಲ, ಪೊದೆ ಇಲ್ಲ.
ಹಲಗೆ ಇದೆ, ಮೂರು ತೂತು.

ಮೊನ್ನೆ ಮರದ ಲಾರಿಯ ಹುಡುಗನೊಬ್ಬ
ಪೆಟ್ರೋಲ್ ಬಂಕಿನಲ್ಲಿ ದಾರಿ ಕೇಳಿದ.
ಕೈಯಲ್ಲಿ ಫೋನು ಉರಿಯುತ್ತಿತ್ತು, ಆದರೂ ಕೇಳಿದ.
ನಾನೇ ಬರೆದ ಹೆಸರು ನನ್ನ ನಾಲಿಗೆಗೆ ಬರಲಿಲ್ಲ.
ಸುಟ್ಟ ಹತ್ತಿಗಿರಣಿ ದಾಟಿ ಎಡಕ್ಕೆ, ಎಂದೆ.

ಯಾವ ಗಿರಣಿ, ಎಂದ.